ಸೌರಜ್ವಾಲೆ ಮತ್ತು ಭೂಕಾಂತೀಯ ಬಿರುಗಾಳಿ: ವೀಕ್ಷಣೆ, ಮುನ್ಸೂಚನೆ

ಸೌರಜ್ವಾಲೆ, ಭೂಕಾಂತೀಯ ಬಿರುಗಾಳಿ ಎಂಬ ಎರಡು ಪದಗಳನ್ನು ಕನ್ನಡ ಪತ್ರಿಕೆಗಳು ಒಂದೇ ಅರ್ಥದಲ್ಲಿ ಬಳಸುವುದುಂಟು. ಮೊದಲನೆಯದು ಸೂರ್ಯನಲ್ಲಿ ನಡೆಯುವ ಘಟನೆ. ಎರಡನೆಯದು ಭೂಮಿಯ ಕಾಂತಕ್ಷೇತ್ರದಲ್ಲಿ ಉಂಟಾಗುವ ಕ್ಷೋಭೆ. ನಡುವೆ ಹದಿನೈದು ಕೋಟಿ ಕಿಲೋಮೀಟರುಗಳ ಅಂತರವಿದೆ. ಅದನ್ನು ಯಾವುದು ಎಷ್ಟು ಹೊತ್ತಿನಲ್ಲಿ ದಾಟುತ್ತದೆ ಎಂಬುದರ ಮೇಲೆಯೇ ಮುನ್ಸೂಚನೆಯ ಸಾಧ್ಯತೆ ನಿಂತಿದೆ.

ಸೌರಕಲೆಗಳ ಸಮೀಪದಲ್ಲಿ ತೊಡರಿಕೊಂಡ ಕಾಂತ ಬಲರೇಖೆಗಳು ಹಠಾತ್ತನೆ ಕಡಿದು ಹೊಸ ರೀತಿಯಲ್ಲಿ ಕೂಡಿಕೊಂಡಾಗ, ಅಲ್ಲಿ ಸಂಚಿತವಾಗಿದ್ದ ಶಕ್ತಿ ಎಕ್ಸ್-ಕಿರಣ, ನೇರಳಾತೀತ ಕಿರಣಗಳ ರೂಪದಲ್ಲಿ ಹೊರಚಿಮ್ಮುತ್ತದೆ. ಇದೇ ಜ್ವಾಲೆ. ಎಕ್ಸ್-ಕಿರಣಗಳ ತೀವ್ರತೆಗೆ ಅನುಗುಣವಾಗಿ ಇದನ್ನು ಎ, ಬಿ, ಸಿ, ಎಂ, ಎಕ್ಸ್ ಎಂಬ ವರ್ಗಗಳಲ್ಲಿ ಗುರುತಿಸುತ್ತಾರೆ. ಪ್ರತಿಯೊಂದು ವರ್ಗವೂ ಹಿಂದಿನದಕ್ಕಿಂತ ಹತ್ತು ಪಟ್ಟು ಪ್ರಬಲ. ಈ ಕಿರಣಗಳು ಬೆಳಕಿನ ವೇಗದಲ್ಲಿ ಸುಮಾರು 8 ನಿಮಿಷಗಳಲ್ಲಿ ಇಲ್ಲಿಗೆ ತಲಪುತ್ತವೆ. ಎಂದರೆ ಜ್ವಾಲೆ ಕಣ್ಣಿಗೆ ಬೀಳುವುದೂ ಅದರ ಪರಿಣಾಮ ಅಯಾನಗೋಳವನ್ನು ಕದಡಿ ಹ್ರಸ್ವತರಂಗ ರೇಡಿಯೊ ಸಂಪರ್ಕವನ್ನು ಕೆಡಿಸತೊಡಗುವುದೂ ಏಕಕಾಲದಲ್ಲಿ. ಆದುದರಿಂದ ಜ್ವಾಲೆಯ ವಿಷಯದಲ್ಲಿ ಸಂಭಾವ್ಯತೆಯನ್ನಷ್ಟೇ ಹೇಳಬಹುದು: ಸೌರಕಲೆಗಳ ಗುಂಪು ಎಷ್ಟು ದೊಡ್ಡದು, ಅದರ ಕಾಂತರಚನೆ ಎಷ್ಟು ಜಟಿಲ ಎಂಬುದನ್ನು ನೋಡಿ, ಇಂದು ಎಕ್ಸ್ ವರ್ಗದ ಜ್ವಾಲೆಗೆ ನೂರರಲ್ಲಿ ಇಷ್ಟು ಪಾಲು ಅವಕಾಶವಿದೆ ಎನ್ನುವುದು.

ಬಿರುಗಾಳಿಯ ಮಾತು ಬೇರೆ. ಅನೇಕ ಸಲ ಜ್ವಾಲೆಯೊಡನೆ ಸೂರ್ಯನ ಕಿರೀಟದಿಂದ ನೂರಾರು ಕೋಟಿ ಟನ್ನುಗಳಷ್ಟು ವಿದ್ಯುದಾವಿಷ್ಟ ದ್ರವ್ಯ ತನ್ನದೇ ಕಾಂತಕ್ಷೇತ್ರವನ್ನು ಹೊತ್ತು ಹೊರಡುತ್ತದೆ. ಅದು ಭೂಮಿಯನ್ನು ತಲಪಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಎಚ್ಚರಿಕೆ ನೀಡಲು ಇಷ್ಟು ಕಾಲ ಸಾಲದೆ ಎಂದು ತೋರಬಹುದು. ಆದರೆ ಬಂದ ದ್ರವ್ಯದ ಕಾಂತಕ್ಷೇತ್ರ ದಕ್ಷಿಣಾಭಿಮುಖವಾಗಿದ್ದರೆ ಮಾತ್ರ ಅದು ಭೂಮಿಯ ಉತ್ತರಾಭಿಮುಖ ಕ್ಷೇತ್ರದೊಡನೆ ಬೆಸೆದುಕೊಂಡು ಪ್ರಬಲ ಕ್ಷೋಭೆಯನ್ನು ಎಬ್ಬಿಸುತ್ತದೆ; ಉತ್ತರಾಭಿಮುಖವಾಗಿದ್ದರೆ ಬಹುಮಟ್ಟಿಗೆ ಸರಿದುಹೋಗುತ್ತದೆ. ಆ ದಿಕ್ಕು ದೂರದರ್ಶಕಕ್ಕೆ ಕಾಣದು. ಭೂಮಿಯಿಂದ 15 ಲಕ್ಷ ಕಿಲೋಮೀಟರು ದೂರದ ಎಲ್-1 ಬಿಂದುವಿನಲ್ಲಿರುವ ನೌಕೆಗಳನ್ನು ದ್ರವ್ಯ ಹಾದುಹೋದಾಗಲೇ ಅದರ ಅಳತೆ ಸಿಗುತ್ತದೆ. ಅಲ್ಲಿಂದ ಭೂಮಿಗೆ ಉಳಿಯುವುದು ಹೆಚ್ಚೆಂದರೆ ಒಂದು ಗಂಟೆಯ ಅವಧಿ.

ಬಿರುಗಾಳಿ ಎಷ್ಟು ಪ್ರಬಲವಾಗಬಲ್ಲದು ಎಂಬುದಕ್ಕೆ ಆಧಾರ ಮುಂಬಯಿಯಲ್ಲಿ ದೊರೆತದ್ದು ಈ ಶಾಸ್ತ್ರದ ಇತಿಹಾಸದಲ್ಲಿ ಗಮನಾರ್ಹವಾದ ಸಂಗತಿ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್‌ಟನ್ ಸೌರಕಲೆಗಳನ್ನು ಚಿತ್ರಿಸುತ್ತಿದ್ದಾಗ ಬಿಳಿಯ ಬೆಳಕಿನ ಜ್ವಾಲೆಯೊಂದನ್ನು ಕಂಡ. ಸುಮಾರು ಹದಿನೇಳೂವರೆ ಗಂಟೆಗಳ ಅನಂತರ ಬಿರುಗಾಳಿ ಭೂಮಿಯನ್ನು ಮುಟ್ಟಿತು. ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದಲೇ ಕಾಂತೀಯ ಅಳತೆಗಳು ನಡೆದಿದ್ದವು. ವೀಕ್ಷಕರು ತೂಗುಹಾಕಿದ ಅಯಸ್ಕಾಂತದ ಚಲನೆಯನ್ನು ಕಣ್ಣಿನಿಂದಲೇ ಓದಿ ಬರೆದಿಡುತ್ತಿದ್ದರು. ಕ್ಷೋಭೆಯ ವೇಳೆಯಲ್ಲಿ ಇನ್ನಷ್ಟು ಅಡಿಗಡಿಗೆ. ಅಂದು ಭೂಕಾಂತಕ್ಷೇತ್ರದ ಸಮತಲ ಘಟಕ ಸುಮಾರು 1,600 ನ್ಯಾನೊಟೆಸ್ಲಾ, ಎಂದರೆ ಅದರ ಸಹಜ ಪ್ರಮಾಣದ ನೂರರಲ್ಲಿ ನಾಲ್ಕು ಪಾಲಿನಷ್ಟು, ಕುಸಿಯಿತು. ಆ ಕೈಬರಹದ ಅಂಕಿಗಳ ಪೂರ್ಣ ಬೆಲೆ ತಿಳಿದದ್ದು 2003ರಲ್ಲಿ, ಬ್ರೂಸ್ ತ್ಸುರುತಾನಿ, ಜಿ.ಎಸ್. ಲಖಿನಾ ಮೊದಲಾದವರು ಅವನ್ನು ಮರುಪರಿಶೀಲಿಸಿದಾಗ. ಯಾರಿಗೆ ಯಾವಾಗ ಬೇಕಾಗುವುದೋ ತಿಳಿಯದೆ ಬರೆದಿಟ್ಟ ದಾಖಲೆ ಅದು. ಮುಂದೆ ನಗರಕ್ಕೆ ವಿದ್ಯುತ್ ಟ್ರಾಮ್ ಬರುವುದೆಂದಾಗ ಅದರ ಪ್ರವಾಹ ಅಳತೆಗಳನ್ನು ಕೆಡಿಸುವುದೆಂದು ವೀಕ್ಷಣಾಲಯವನ್ನು ಆಲಿಬಾಗಿಗೆ ಸ್ಥಳಾಂತರಿಸಲಾಯಿತು. 1904ರಿಂದ 1906ರವರೆಗೆ ಎರಡೂ ಕಡೆಗಳಲ್ಲಿ ಏಕಕಾಲಕ್ಕೆ ಅಳೆದು ಹೊಂದಿಸಿದ್ದರಿಂದ ದಾಖಲೆಯ ಎಳೆ ಕಡಿಯಲಿಲ್ಲ. ಈ ವಿವೇಕಕ್ಕೆ ಕಾರಣರಾದವರಲ್ಲಿ ಪ್ರಮುಖರು ಅಂದಿನ ನಿರ್ದೇಶಕ ನಾನಾಭಾಯಿ ಮೂಸ್.

ಈಗ ಎಲ್-1 ಬಿಂದುವಿನಲ್ಲಿ ಭಾರತದ ಆದಿತ್ಯ ನೌಕೆಯೂ ಇದೆ. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ಅದು ಅಲ್ಲಿನ ಕಕ್ಷೆಯನ್ನು ಸೇರಿತು. ಕಿರೀಟವನ್ನು ನೋಡುವ ಉಪಕರಣ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ನೇರಳಾತೀತ ದೂರದರ್ಶಕ ಪುಣೆಯದು. ಅದೇ ವರ್ಷದ ಮೇ ತಿಂಗಳ ಬಿರುಗಾಳಿ ಮುನ್ಸೂಚನೆಯ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸಿತು. ಒಂದೇ ಸೌರಕಲಾ ಸಮೂಹ ಹಲವು ಎಕ್ಸ್ ವರ್ಗದ ಜ್ವಾಲೆಗಳನ್ನು ಕಾರಿತು. ಅಮೆರಿಕದ ಮುನ್ಸೂಚನಾ ಕೇಂದ್ರ ಐದು ಹಂತಗಳ ಮಾಪನದಲ್ಲಿ ನಾಲ್ಕನೆಯದನ್ನು ಮುಂಚಿತವಾಗಿ ಸಾರಿತು. ಮೇ 10ರಂದು ನಡೆದದ್ದು ಐದನೆಯ ಹಂತದ್ದು, 2003ರ ಅನಂತರ ಮೊದಲ ಬಾರಿಗೆ. ಲಡಾಖಿನ ಹಾನ್ಲೆಯ ಆಗಸದಲ್ಲಿಯೂ ಕೆಂಪು ಪ್ರಭೆ ಕ್ಯಾಮೆರಾಗಳಿಗೆ ಸಿಕ್ಕಿತು.

ಹಂತದ ಸಂಖ್ಯೆಯೇ ಹಾನಿಯ ಅಳತೆಯೆಂದೂ ಭಾವಿಸಲಾಗದು. 1989ರ ಮಾರ್ಚ್ 13ರ ಮಹಾಬಿರುಗಾಳಿ ಕೆನಡಾದ ಕ್ವೆಬೆಕ್ ಪ್ರಾಂತವನ್ನು ಸುಮಾರು ಒಂಬತ್ತು ಗಂಟೆಗಳ ಕಾಲ ಕತ್ತಲಲ್ಲಿಟ್ಟದ್ದು ನಿಜ. ಆದರೆ 2022ರ ಫೆಬ್ರುವರಿಯಲ್ಲಿ ಬೀಸಿದ್ದು ಕೆಳಹಂತದ ಸಾಧಾರಣ ಬಿರುಗಾಳಿ. ಅದರಿಂದ ಮೇಲಿನ ವಾಯುಮಂಡಲ ಬಿಸಿಯಾಗಿ ಉಬ್ಬಿತು. ಆಗಷ್ಟೇ ಕೆಳಕಕ್ಷೆಗೆ ಉಡಾಯಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಹೆಚ್ಚಿದ ಎಳೆತವನ್ನು ತಡೆಯಲಾರದೆ ಕೆಳಗಿಳಿದು ಉರಿದುಹೋದವು.