ಗುದ್ದು ಪ್ಯಾಡಿಗೆ, ಗುಣ ಮೈಗೆ

ವಿಜಯದಶಮಿಯ ದಿನ ಮೈಸೂರು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜೆಟ್ಟಿಗಳು ಜೋಡಿಯಾಗಿ ಎದುರುಬದುರು ನಿಲ್ಲುತ್ತಾರೆ. ಬೆರಳುಗಳಿಗೆ ಮೊನೆಯುಳ್ಳ ವಜ್ರಮುಷ್ಟಿ ತೊಟ್ಟಿರುತ್ತಾರೆ. ಯಾರ ತಲೆಯಿಂದ ಮೊದಲು ರಕ್ತ ಬಂತೋ ಅಲ್ಲಿಗೆ ಕಾಳಗ ಮುಗಿಯಿತು. ಎಷ್ಟೋ ಸಲ ಎಲ್ಲವೂ ಕ್ಷಣಗಳಲ್ಲಿ ಆಗಿಹೋಗುತ್ತದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಪರಂಪರೆಗೆ ಸೇರಿದ ಆಚರಣೆ ಇದು. ಅದಕ್ಕೂ ಹಿಂದೆ, ವಿಜಯನಗರದ ಮಹಾನವಮಿಯಲ್ಲಿ ಮೊನೆಯುಳ್ಳ ಬಳೆ ಹಿಡಿದು ಕಾದಾಡುತ್ತಿದ್ದ ಮಲ್ಲರ ಬಗ್ಗೆ ಪೋರ್ಚುಗೀಸ್ ವರ್ತಕ ಫೆರ್ನಾವೊ ನೂನಿಜ್ 16ನೆಯ ಶತಮಾನದಲ್ಲೇ ಬರೆದಿದ್ದಾನೆ.

ಗುದ್ದಾಟ ನಮ್ಮ ಸೀಮೆಗೆ ಹೊಸದೇನಲ್ಲ. ಆದರೆ ಕ್ಷಣದಲ್ಲಿ ಮುಗಿಯುವ ಆ ಕಾಳಗಕ್ಕೆ ಜೆಟ್ಟಿ ಬಹಳ ದಿನಗಳಿಂದ ಸಾಮು ಮಾಡಿ ಮೈ ಹುರಿಗೊಳಿಸಿರುತ್ತಾನೆ. ಮೈಗೆ ಹತ್ತುವುದು ಆ ಸಾಧನೆ, ತಲೆಗೆ ಬಿದ್ದ ಪೆಟ್ಟಲ್ಲ. ಬಾಕ್ಸಿಂಗ್‌ಗೂ ಇದೇ ಮಾತು ಸಲ್ಲುತ್ತದೆ. ಯಾರನ್ನೂ ಹೊಡೆಯದೆ, ಯಾರಿಂದಲೂ ಹೊಡೆಸಿಕೊಳ್ಳದೆ ಬಾಕ್ಸಿಂಗ್‌ನ ದೈಹಿಕ ಲಾಭವನ್ನೆಲ್ಲ ಹೆಚ್ಚುಕಡಿಮೆ ಪೂರ್ತಿಯಾಗಿ ಪಡೆಯುವ ದಾರಿಯೊಂದಿದೆ. ಅದೇ ಪ್ಯಾಡ್ ಅಭ್ಯಾಸ.

ತರಬೇತುದಾರರು ಎರಡೂ ಅಂಗೈಗೆ ಮೆತ್ತೆ ತುಂಬಿದ ಚರ್ಮದ ಪ್ಯಾಡ್ ತೊಟ್ಟು ನಿಲ್ಲುತ್ತಾರೆ. ಎದುರಿಗಿರುವವರು ಎಡಗಾಲು ಮುಂದಿಟ್ಟು, ಗದ್ದ ತಗ್ಗಿಸಿ, ಎರಡೂ ಮುಷ್ಟಿಯನ್ನು ಕೆನ್ನೆಯ ಮಟ್ಟಕ್ಕೆ ಎತ್ತಿರುತ್ತಾರೆ. ‘ಒಂದು’ ಎಂದರೆ ಎಡಗೈಯ ನೇರ ಗುದ್ದು, ‘ಎರಡು’ ಎಂದರೆ ಬಲಗೈಯದು. ‘ಒಂದು-ಎರಡು’ ಎಂದು ಕೂಗಿದ ಕೂಡಲೇ ಪ್ಯಾಡಿನ ಮೇಲೆ ಎರಡು ಸದ್ದು ಕೇಳಬೇಕು. ಅಷ್ಟರಲ್ಲಿ ತರಬೇತುದಾರರು ಒಂದು ಪ್ಯಾಡನ್ನು ತಲೆಯ ಕಡೆಗೆ ಬೀಸುತ್ತಾರೆ. ಮಂಡಿ ಮಡಿಸಿ ಅದರಡಿ ತಪ್ಪಿಸಿಕೊಂಡು ಮೇಲೇಳುವಾಗಲೇ ಪಕ್ಕದಿಂದ ಕೊಕ್ಕೆಯಂತೆ ಬಾಗಿ ಬರುವ ಹುಕ್ ಬೀಳಬೇಕು. ಒಂದು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಪಕ್ಕಕ್ಕೆ, ಮತ್ತೆ ‘ಒಂದು-ಎರಡು’. ಹೀಗೆ ಮೂರು ನಿಮಿಷ, ಆಮೇಲೆ ಒಂದು ನಿಮಿಷ ವಿಶ್ರಾಂತಿ. ಇದು ಒಂದು ಸುತ್ತು. ಹೊಸಬರಿಗೆ ಎರಡನೆಯ ನಿಮಿಷದಲ್ಲೇ ಮೊದಲು ಸೋಲುವುದು ಭುಜ. ಮುಷ್ಟಿ ತಾನಾಗಿ ಎದೆಯ ಮಟ್ಟಕ್ಕೆ ಇಳಿಯುತ್ತದೆ, ಏದುಸಿರು ಬರುತ್ತದೆ.

ಭುಜ ಬೇಗ ಸೋಲುವುದಕ್ಕೆ ಒಂದು ಕಾರಣ, ಹೊಸಬರು ಬರೀ ತೋಳಿನಿಂದ ಗುದ್ದುತ್ತಾರೆ. ಪಳಗಿದವರ ಗುದ್ದು ಹುಟ್ಟುವುದು ಅಂಗಾಲಿನಲ್ಲಿ. ಹಿಂದಿನ ಪಾದ ನೆಲವನ್ನು ಒತ್ತಿದಾಗ ನೆಲ ಅಷ್ಟೇ ಬಲದಿಂದ ಮರಳಿ ಒತ್ತುತ್ತದೆ. ಆ ಬಲ ಮಂಡಿ, ಸೊಂಟ, ಬೆನ್ನು ದಾಟಿ ಭುಜಕ್ಕೆ ಬಂದು ಮುಷ್ಟಿಯಲ್ಲಿ ಹೊರಬೀಳುತ್ತದೆ. ಗದ್ದೆಯ ಬದುವಿನಲ್ಲಿ ಗುದ್ದಲಿ ಎತ್ತಿ ಹೊಡೆಯುವ ರೈತನೂ ಹೀಗೇ ಕಾಲೂರಿ, ಸೊಂಟದಿಂದ ಬಲ ಎಳೆಯುತ್ತಾನೆ. ತೋಳನ್ನೇ ನೆಚ್ಚಿದವನಿಗೆ ಹೊತ್ತೇರುವ ಮೊದಲೇ ಕೈ ಬೀಳುತ್ತದೆ. ಸೋವಿಯತ್ ಸಂಶೋಧಕ ಫಿಲಿಮೊನೊವ್ ಮತ್ತು ಸಂಗಡಿಗರು 1985ರಲ್ಲಿ ಬಾಕ್ಸರ್‌ಗಳ ನೇರ ಗುದ್ದನ್ನು ಅಳೆದು ನೋಡಿದ್ದರು. ಅತ್ಯಂತ ನುರಿತವರ ಗುದ್ದಿನಲ್ಲಿ ಕಾಲಿನ ಪಾಲು ಸುಮಾರು ಶೇ. 38, ಮುಂಡದ್ದು ಸುಮಾರು ಶೇ. 37, ತೋಳಿನದು ಶೇ. 24ರಷ್ಟು ಮಾತ್ರ. ಹಾಗಾಗಿ ಸರಿಯಾಗಿ ಮಾಡಿದ ಪ್ಯಾಡ್ ಅಭ್ಯಾಸದಲ್ಲಿ ತೊಡೆ, ಮೀನಖಂಡ, ಹೊಟ್ಟೆ, ಬೆನ್ನು ಎಲ್ಲಕ್ಕೂ ಒಟ್ಟಿಗೇ ಕೆಲಸ.

ಇನ್ನು ಗುಂಡಿಗೆಯ ಮಾತು. ಯಾವ ಚಟುವಟಿಕೆಗೆ ದೇಹ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಎಂಬುದನ್ನು ವಿಜ್ಞಾನಿಗಳು ‘ಮೆಟ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸುಮ್ಮನೆ ಕೂತಿದ್ದರೆ 1 ಮೆಟ್. 2011ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಪಟ್ಟಿಯ ಪ್ರಕಾರ ಗಂಟೆಗೆ ಸುಮಾರು 5 ಕಿ.ಮೀ. ವೇಗದ ನಡಿಗೆ 3.5 ಮೆಟ್, ತೂಗುಬಿಟ್ಟ ಚೀಲಕ್ಕೆ ಗುದ್ದುವುದು 5.5, ಜೊತೆಗಾರನೊಡನೆ ಅಭ್ಯಾಸದ ಸೆಣಸಾಟ 7.8. ಪ್ಯಾಡ್ ಅಭ್ಯಾಸವೂ ವೇಗಕ್ಕೆ ತಕ್ಕಂತೆ ಈ ಆಸುಪಾಸಿನದೇ. 60 ಕೆ.ಜಿ. ತೂಕದವರು ಅರ್ಧ ಗಂಟೆ ನಡೆದರೆ ಸುಮಾರು 105 ಕಿಲೋ ಕ್ಯಾಲೊರಿ ಕರಗುತ್ತದೆ. 5.5 ಮೆಟ್ ಲೆಕ್ಕದಲ್ಲಿ ಅಷ್ಟೇ ಹೊತ್ತು ಗುದ್ದಿದರೆ ಸುಮಾರು 165.

ಕ್ಯಾಲೊರಿಗಿಂತ ಮುಖ್ಯವಾದದ್ದು ಏರಿಳಿತ. ಬಿರುಸಿನ ನಾಲ್ಕಾರು ಗುದ್ದಿಗೆ ಬೇಕಾದ ಶಕ್ತಿಯನ್ನು ಸ್ನಾಯು ತನ್ನಲ್ಲೇ ಕೂಡಿಟ್ಟ ಫಾಸ್ಫೋಕ್ರಿಯಾಟಿನ್‌ನಿಂದ ತಕ್ಷಣ ಪಡೆಯುತ್ತದೆ. ಅದು ಕೆಲವೇ ಸೆಕೆಂಡುಗಳಿಗೆ ಸಾಕು. ಆಮೇಲೆ ಗ್ಲೂಕೋಸ್ ಆಮ್ಲಜನಕವಿಲ್ಲದೆ ಒಡೆಯುತ್ತದೆ. ಗುದ್ದಿನ ನಡುವಿನ ಬಿಡುವಿನಲ್ಲಿ, ಸುತ್ತುಗಳ ನಡುವಿನ ವಿಶ್ರಾಂತಿಯಲ್ಲಿ ಶ್ವಾಸಕೋಶ ಮತ್ತು ಹೃದಯ ಆಮ್ಲಜನಕ ತಂದು ಆ ಸಾಲ ತೀರಿಸುತ್ತವೆ. ಮತ್ತೆಮತ್ತೆ ಹೀಗೆ ಏರಿ ಇಳಿಯುವ ವ್ಯಾಯಾಮದಿಂದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ.

ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿಗೆ ಕಾಯುವುದಿಲ್ಲ; ತನ್ನ ಜೀವಕೋಶದ ಬಾಗಿಲಿಗೆ ಗ್ಲೂಟ್-4 ಎಂಬ ಪ್ರೋಟೀನನ್ನು ತಾನೇ ತಂದು ರಕ್ತದ ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತದೆ. ಹೆಚ್ಚು ಸ್ನಾಯು ದುಡಿದಷ್ಟೂ ಹೆಚ್ಚು ಸಕ್ಕರೆ ಖರ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ವರದಿಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ. ಕೆ.ಆರ್.ಎಸ್. ನೀರಿನಲ್ಲಿ ಭತ್ತ, ಕಬ್ಬು ಬೆಳೆಯುವ ನಮ್ಮ ಸೀಮೆಯಲ್ಲೂ ಉಳುಮೆ ಟ್ರ್ಯಾಕ್ಟರಿಗೆ ಹೋಗಿದೆ, ಪೇಟೆಯ ಓಡಾಟ ಬೈಕಿಗೆ ಹೋಗಿದೆ, ಊಟ ಮಾತ್ರ ಹಳೆಯ ಅಳತೆಯಲ್ಲೇ ಉಳಿದಿದೆ. ಮೈ ಬಗ್ಗಿಸಿ ಬೆವರು ಸುರಿಸುವ ಕೆಲಸವನ್ನು ಈಗ ಹುಡುಕಿಕೊಂಡು ಹೋಗಿ ಮಾಡಬೇಕಾಗಿದೆ.

ಓಟಕ್ಕೂ ಪ್ಯಾಡಿಗೂ ದೊಡ್ಡ ವ್ಯತ್ಯಾಸ ಇರುವುದು ಮಿದುಳಿನ ಕೆಲಸದಲ್ಲಿ. ದೀಪ ಹೊತ್ತಿದೊಡನೆ ಗುಂಡಿ ಒತ್ತುವಂಥ ಸರಳ ಕೆಲಸಕ್ಕೇ ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಪ್ಯಾಡ್ ಅಭ್ಯಾಸದಲ್ಲಿ ಕೂಗು ಕೇಳಬೇಕು, ಪ್ಯಾಡಿನ ದೂರ ಅಳೆಯಬೇಕು, ಯಾವ ಕೈ ಎಂದು ಆರಿಸಬೇಕು, ಪಾದ ತಿರುಗಿಸಬೇಕು, ಬೀಸಿ ಬರುವ ಪ್ಯಾಡಿನಿಂದ ತಪ್ಪಿಸಿಕೊಳ್ಳಬೇಕು. ಕಣ್ಣು, ಕಿವಿ, ಮಿದುಳು, ಸ್ನಾಯು ಎಲ್ಲವೂ ಒಂದೇ ತಾಳಕ್ಕೆ ಬರಬೇಕು. ಇದೇ ಕಾರಣಕ್ಕೆ ವೈದ್ಯರು ಇದನ್ನು ಪಾರ್ಕಿನ್ಸನ್ ಕಾಯಿಲೆಯವರ ವಿಷಯದಲ್ಲೂ ಗಮನಿಸುತ್ತಿದ್ದಾರೆ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 2006ರಲ್ಲಿ, ಸ್ವತಃ ಆ ಕಾಯಿಲೆಗೆ ಒಳಗಾಗಿದ್ದ ಸ್ಕಾಟ್ ನ್ಯೂಮನ್ ಎಂಬ ವಕೀಲರು ರೋಗಿಗಳಿಗಾಗಿ ‘ರಾಕ್ ಸ್ಟೆಡಿ ಬಾಕ್ಸಿಂಗ್’ ಆರಂಭಿಸಿದರು. ಅಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ. ಈ ಬಗೆಯ ಅಭ್ಯಾಸದಿಂದ ಕೆಲವರ ಸಮತೋಲನ, ನಡಿಗೆ ಸುಧಾರಿಸಿದ್ದನ್ನು ಸಣ್ಣ ಪ್ರಮಾಣದ ಅಧ್ಯಯನಗಳು ದಾಖಲಿಸಿವೆ. ಅದು ಕಾಯಿಲೆಗೆ ಮದ್ದಲ್ಲ, ಮದ್ದಿನ ಜೊತೆಗಿನ ಆಸರೆ.

ಹಾಗಾದರೆ ಬಾಕ್ಸಿಂಗ್ ಎಂದೊಡನೆ ತಾಯಂದಿರು ಬೆಚ್ಚುವುದು ತಪ್ಪೇ? ತಪ್ಪಲ್ಲ. ತಲೆಗೆ ಮತ್ತೆಮತ್ತೆ ಪೆಟ್ಟು ಬಿದ್ದ ಬಾಕ್ಸರ್‌ಗಳಲ್ಲಿ ಮುಂದೆ ತೊದಲು, ಮರೆವು, ತೂರಾಟ ಕಾಣಿಸಿಕೊಳ್ಳುವುದನ್ನು ಅಮೆರಿಕದ ರೋಗವಿಜ್ಞಾನಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ವೈದ್ಯಲೋಕದ ಮುಂದಿಟ್ಟಿದ್ದರು. ಆ ಅಪಾಯ ನಿಜ. ಆದರೆ ಅದು ಇರುವುದು ಹೊಡೆಸಿಕೊಳ್ಳುವುದರಲ್ಲಿ. ಆರೋಗ್ಯಕ್ಕಾಗಿ ಪ್ಯಾಡಿಗೆ ಗುದ್ದುವವರು ರಿಂಗಿಗೆ ಇಳಿಯಲೇಬೇಕಾಗಿಲ್ಲ.

ಕೈಯ ಕಾಳಜಿ ಮಾತ್ರ ಬೇಕೇ ಬೇಕು. ಒಂದು ಕೈಯಲ್ಲಿ 27 ಮೂಳೆಗಳಿವೆ. ವಾರೆಯಾಗಿ ಗುದ್ದಿದರೆ ಕಿರುಬೆರಳಿನ ಬುಡದ ಅಂಗೈ ಮೂಳೆ ಮುರಿಯುವುದುಂಟು. ಅದಕ್ಕೆ ‘ಬಾಕ್ಸರ್ ಮುರಿತ’ ಎಂದೇ ಹೆಸರು. ಬಟ್ಟೆಯ ಪಟ್ಟಿಯನ್ನು ಮಣಿಕಟ್ಟಿನಿಂದ ಬೆರಳ ಗೆಣ್ಣಿನವರೆಗೆ ಬಿಗಿದು, ಮೇಲೆ ಗ್ಲೌಸ್ ತೊಡಬೇಕು. ಗುದ್ದು ತೋರುಬೆರಳು, ನಡುಬೆರಳಿನ ಗೆಣ್ಣಿನ ಮೇಲೆ ಬೀಳಬೇಕು. ಮಣಿಕಟ್ಟು ಮಡಿಸಬಾರದು, ಮೊಣಕೈಯನ್ನು ಕೊನೆಯವರೆಗೆ ಸೆಟೆಸಬಾರದು. ಗುದ್ದುವಾಗ ಉಸಿರು ಕಟ್ಟದೆ ಹೊರಗೆ ಬಿಡಬೇಕು. ಉಸಿರು ಕಟ್ಟಿದರೆ ರಕ್ತದೊತ್ತಡ ತಟ್ಟನೆ ಏರುತ್ತದೆ. ಹೃದ್ರೋಗ, ಹತೋಟಿಗೆ ಬಾರದ ಬಿಪಿ, ಕಣ್ಣಿನ ಅಕ್ಷಿಪಟಲದ ತೊಂದರೆ, ಭುಜದ ನೋವು ಇರುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಮೊದಲ ವಾರಗಳಲ್ಲಿ ಎರಡು ಮೂರು ಸುತ್ತು ಸಾಕು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮವನ್ನೋ 75ರಿಂದ 150 ನಿಮಿಷ ಬಿರುಸಿನ ವ್ಯಾಯಾಮವನ್ನೋ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರಕ್ಕೆ ಮೂರು ದಿನ ಅರ್ಧರ್ಧ ಗಂಟೆ ಪ್ಯಾಡ್, ಉಳಿದ ದಿನ ನಡಿಗೆ ಎಂದಿಟ್ಟುಕೊಂಡರೆ ಆ ಲೆಕ್ಕ ತುಂಬುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರಿಗೆ ಗರಡಿಮನೆ, ಪೈಲ್ವಾನ್, ವಸ್ತಾದ್ ಎಂಬ ಮಾತುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ದಂಡ ಹೊಡೆದ ಭುಜ, ಬಸ್ಕಿ ಹೊಡೆದ ತೊಡೆ, ಗದೆ ತಿರುಗಿಸಿದ ಸೊಂಟ ಎಲ್ಲವೂ ಗುದ್ದಿಗೆ ಬೇಕಾದವೇ. ಗರಡಿಯ ಮಟ್ಟಿಯ ಪಕ್ಕದಲ್ಲಿ ಹತ್ತಡಿ ಜಾಗ, ಒಂದು ಜೊತೆ ಪ್ಯಾಡ್, ಎರಡು ಜೊತೆ ಗ್ಲೌಸ್, ಹಿಡಿಯಲು ಬಲ್ಲ ಒಬ್ಬರು ತರಬೇತುದಾರರು ಇದ್ದರೆ ಕೆಲಸ ಶುರುವಾಗುತ್ತದೆ. ಗರಡಿ ನಡೆಸುವ ಹಿರಿಯರು, ಶಾಲೆ-ಕಾಲೇಜುಗಳ ದೈಹಿಕ ಶಿಕ್ಷಕರು ಇದಕ್ಕೆ ಮನಸ್ಸು ಮಾಡಬೇಕು. ಹುಡುಗರಿಗೆ ಮಾತ್ರವಲ್ಲ, ಗರಡಿಯ ಹೊಸ್ತಿಲು ತುಳಿಯದ ಹೆಣ್ಣುಮಕ್ಕಳಿಗೂ, ನಲವತ್ತು ದಾಟಿದವರಿಗೂ ಸಂಜೆಯ ಒಂದು ಗಂಟೆ ಮೀಸಲಿಡಬೇಕು. ಕುಸ್ತಿಗೆ ಇದರಿಂದ ಕುಂದಿಲ್ಲ, ಊರಿನ ಆರೋಗ್ಯಕ್ಕೆ ಖಂಡಿತ ಲಾಭವಿದೆ.