ಪರನಾರೀ ಸಹೋದರ ಕುಮಾರರಾಮ

ಬಳ್ಳಾರಿ ಜಿಲ್ಲೆಯಲ್ಲಿ, ತುಂಗಭದ್ರೆಯ ದಡದಲ್ಲಿ ಕಂಪ್ಲಿ ಎಂಬ ಊರಿದೆ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಇದೊಂದು ಪುಟ್ಟ ರಾಜ್ಯದ ನೆಲೆಯಾಗಿತ್ತು. ದೇವಗಿರಿಯ ಸೇವುಣರ ಅಧೀನದಲ್ಲಿದ್ದ ಇಲ್ಲಿಯ ನಾಯಕರು, ಆ ಅರಸುಮನೆತನವು ಅಳಿದ ಮೇಲೆ ಸ್ವತಂತ್ರರಾದರು. ಇವರಲ್ಲಿ ಪ್ರಸಿದ್ಧನಾದ ಕಂಪಿಲರಾಯನ ಮಗನೇ ಕುಮಾರರಾಮ. ಗಂಗಾವತಿಯ ಸಮೀಪದ ಬೆಟ್ಟಗಳ ನಡುವಿನ ಕುಮ್ಮಟದುರ್ಗವು ಇವರ ಬಲವಾದ ಕೋಟೆ.

ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಅವನ ಬಂಧುವಾದ ಬಹಾವುದ್ದೀನ್ ಗುರ್ಷಾಸ್ಪನು ದಂಗೆಯೆದ್ದು, ಸೋತು, ಕಂಪಿಲರಾಯನ ಮರೆಹೊಕ್ಕನು. ಶರಣಾಗತನನ್ನು ಒಪ್ಪಿಸಲು ಅರಸನು ಸಮ್ಮತಿಸಲಿಲ್ಲ. ದಿಲ್ಲಿಯ ಸೈನ್ಯವು ಮುತ್ತಿದಾಗ, ಅತಿಥಿಯನ್ನು ಸುರಕ್ಷಿತವಾಗಿ ಕಳುಹಿಸಿಕೊಟ್ಟು, ತಾನು ಹೋರಾಡಿ ಮಡಿದನು. ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದರು. 1327ರಲ್ಲಿ ರಾಜ್ಯವು ಅಳಿಯಿತು. ಕೆಲವು ವರ್ಷಗಳ ತರುವಾಯ ಭಾರತಕ್ಕೆ ಬಂದ ಪ್ರವಾಸಿ ಇಬ್ನ್ ಬತೂತನು ಈ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಆದರೆ ಅವನ ಬರಹದಲ್ಲಿ ಕುಮಾರರಾಮನ ಹೆಸರಿಲ್ಲ.

ಆ ಹೆಸರನ್ನು ಉಳಿಸಿದವರು ಕನ್ನಡದ ಕವಿಗಳು ಮತ್ತು ಜನಸಾಮಾನ್ಯರು. ಹದಿನಾರನೆಯ ಶತಮಾನದ ನಂಜುಂಡ ಕವಿಯು ಇವನ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದನು. ಚೆಂಡಾಟದ ವೇಳೆ ಚೆಂಡು ಮಲತಾಯಿ ರತ್ನಾಜಿಯ ಅರಮನೆಯಲ್ಲಿ ಬೀಳುತ್ತದೆ. ಅದನ್ನು ತರಹೋದ ರಾಮನನ್ನು ಅವಳು ಮೋಹಿಸುತ್ತಾಳೆ. ಅವನು ಒಪ್ಪದಿರಲು ಸುಳ್ಳು ದೂರು ಹೇಳುತ್ತಾಳೆ. ವಿಚಾರಿಸದೆ ಅರಸನು ಮಗನಿಗೆ ಮರಣದಂಡನೆ ವಿಧಿಸುತ್ತಾನೆ. ವಿವೇಕಿಯಾದ ಮಂತ್ರಿ ಬೈಚಪ್ಪನು ಅವನನ್ನು ನೆಲಮಾಳಿಗೆಯಲ್ಲಿ ಅಡಗಿಸಿ, ಬೇರೊಂದು ತಲೆಯನ್ನು ತೋರಿಸುತ್ತಾನೆ. ವೈರಿಗಳು ಮತ್ತೆ ಮುತ್ತಿದಾಗ, ತನಗೆ ಅನ್ಯಾಯ ಮಾಡಿದ ನಾಡಿಗಾಗಿಯೇ ರಾಮನು ಹೊರಬಂದು ಕಾದಿ ಮಡಿಯುತ್ತಾನೆ. ಅವನ ತಲೆಯನ್ನು ದಿಲ್ಲಿಗೆ ಒಯ್ದರೆಂದು ಕಥೆ ಹೇಳುತ್ತದೆ. ಈ ಶೀಲದಿಂದಲೇ ಅವನಿಗೆ ‘ಪರನಾರೀ ಸಹೋದರ’ನೆಂಬ ಬಿರುದು ಸಂದಿತು.

ದೂರದ ವೇಲ್ಸ್ ನಾಡಿನಲ್ಲಿಯೂ ಇಂಥದೇ ಸ್ಮರಣೆಯಿದೆ. ಅಲ್ಲಿಯ ರಾಜಕುಮಾರ ಲೆವೆಲಿನ್ 1282ರಲ್ಲಿ ಇಂಗ್ಲೆಂಡಿನ ಸೈನ್ಯದೊಡನೆ ಹೋರಾಡಿ ಮಡಿದನು. ಅವನ ತಲೆಯನ್ನು ಲಂಡನ್ನಿಗೆ ಒಯ್ದರು. ಅವನು ಬಿದ್ದ ಸ್ಥಳದ ಬಳಿ 1956ರಲ್ಲಿ ನಿಲ್ಲಿಸಿದ ಕಲ್ಲಿನ ಮುಂದೆ ಜನರು ಪ್ರತಿವರ್ಷ ಸೇರುತ್ತಾರೆ.

ನಮ್ಮ ಮಲೆನಾಡಿನ ಕೆಲವು ಹಳ್ಳಿಗಳಲ್ಲಿ ಕುಮಾರರಾಮನ ಮರದ ತಲೆಗಳನ್ನು ಇಂದಿಗೂ ಪೂಜಿಸುತ್ತಾರೆ. ಕಂಪ್ಲಿಯ ಪತನಕ್ಕೆ ಇತಿಹಾಸವು ಸಾಕ್ಷಿ. ರತ್ನಾಜಿಯ ಕಥೆಗೆ ಕಾವ್ಯವೇ ಸಾಕ್ಷಿ. ಇವೆರಡನ್ನೂ ಬೇರೆಬೇರೆಯಾಗಿ ಅರಿಯುವುದು ವಿದ್ಯಾರ್ಥಿಗಳ ಕರ್ತವ್ಯ. ಆದರೆ ಸೋತ ರಾಜ್ಯದ ಕುಮಾರನನ್ನು ಜನರು ಮರೆಯಲಿಲ್ಲವೆಂಬುದೂ ಇತಿಹಾಸದ ಸತ್ಯವೇ. ಅವರು ನೆನೆದದ್ದು ಅವನ ಗೆಲವನ್ನಲ್ಲ, ನಡತೆಯನ್ನು.