ಬಾಳೆದಿಂಡು ಕಲ್ಲು ಕರಗಿಸುತ್ತಾ?

ಕಿಡ್ನಿ ಸ್ಟೋನ್ ಅಂದ್ರೆ ಸಾಕು, ಅಕ್ಕಪಕ್ಕದವರೆಲ್ಲ ಹೇಳೋದು ಒಂದೇ: ಬಾಳೆದಿಂಡಿನ ರಸ ಕುಡೀರಿ! ದಿಂಡಿನ ಪಲ್ಯ, ಕೋಸಂಬರಿ ತಿನ್ನಿ, ನಾರು ಚೆನ್ನಾಗಿದೆ. ಆದ್ರೆ ಆಗಲೇ ಕೂತಿರೋ ಕಲ್ಲನ್ನ ಅದು ಕರಗಿಸುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ.

ಹೊಸ ಕಲ್ಲು ತಡೆಯೋದು ನೀರು. ದಿನಕ್ಕೆ 2.5 ಲೀಟರ್ ಮೂತ್ರ ಹೋಗುವಷ್ಟು ಕುಡೀಬೇಕು. ಹೃದಯ, ಕಿಡ್ನಿ ತೊಂದರೆ ಇದ್ದೋರು ಮಾತ್ರ ಡಾಕ್ಟರನ್ನ ಕೇಳಿ. ಜೊತೆಗೆ ನಿಂಬೆ ಹಿಂಡಿ; ಅದರ ಸಿಟ್ರೇಟ್ ಮೂತ್ರದ ಕ್ಯಾಲ್ಸಿಯಂಗೆ ಅಂಟಿಕೊಂಡು ಹರಳು ಕಟ್ಟೋದನ್ನ ತಡೆಯುತ್ತೆ. ಆ ನೀರಿಗೆ ಉಪ್ಪು ಬೇಡ.

ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್. ಹಾಗಂತ ಹಾಲು-ಮೊಸರು ಬಿಟ್ರೆ ಎಡವಟ್ಟು! ಊಟದ ಕ್ಯಾಲ್ಸಿಯಂ ಕರುಳಲ್ಲೇ ಆಕ್ಸಲೇಟನ್ನ ಹಿಡಿದು ಹೊರಗೆ ಸಾಗಿಸುತ್ತೆ. ಆಕ್ಸಲೇಟ್ ಹೆಚ್ಚಿರೋ ಪಾಲಕ್ ತಿನ್ನೋ ದಿನ ಮೊಸರೂ ಇರಲಿ.

ನೋವಿನ ಜೊತೆ ಚಳಿಜ್ವರ ಬಂತಾ? ಕಷಾಯ ಕಾಯಿಸ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.